ಕುಂಡದಲ್ಲಿ ವಸಾಬಿ, ಹಿತ್ತಲಲ್ಲಿ ನುಗ್ಗೆ

ದಸರಾ ಮುಗಿದ ವಾರ ತುಮಕೂರಿನ ನಮ್ಮ ಮನೆಯ ತಾರಸಿಯಲ್ಲಿ ಮೂರು ಕುಂಡಕ್ಕೆ ಮಣ್ಣು ತುಂಬಿ, ಕೊರಿಯರ್‌ನಲ್ಲಿ ಬಂದ ಬೀಜ ಉದುರಿಸಿದೆ. ಪೊಟ್ಟಣದ ಮೇಲೆ ‘ವಸಾಬಿ’ ಎಂದು ಅಚ್ಚಾಗಿತ್ತು, ಪಕ್ಕದಲ್ಲಿ ಹಸಿರು ಗಡ್ಡೆಯ ಚಿತ್ರವೂ ಇತ್ತು. ನಾಲ್ಕನೇ ದಿನಕ್ಕೇ ಮೊಳಕೆ ಬಂತು. ಐದನೇ ವಾರಕ್ಕೆ ಗಿಡದ ತುದಿಯಲ್ಲಿ ಹಳದಿ ಮೊಗ್ಗು ಇಣುಕಿತು. ಬಟ್ಟೆ ಒಣಹಾಕಲು ಬಂದ ಕೆಳಗಿನ ಮನೆಯ ಅಜ್ಜಿ ಒಂದೆಲೆ ಕಿತ್ತು, ಬೆರಳಲ್ಲಿ ಹಿಸುಕಿ ಮೂಸಿದರು. ಅವರು ಗುಬ್ಬಿ ಕಡೆಯವರು. ‘ಇದು ಸಾಸ್ವೆ ಕಣಪ್ಪಾ. ರಾಗಿ ಹೊಲದಾಗೆ ಅಕ್ಕಡಿ ಹಾಕ್ತೀವಲ್ಲ, ಅದೇ. ಇದಕ್ಕೂ ದುಡ್ಡು ಕೊಟ್ಟಾ?’ ಎಂದರು.

ಕೊಟ್ಟಿದ್ದೆ. ಬಣ್ಣದ ಪೊಟ್ಟಣವೊಂದು ನನ್ನನ್ನು ನುಗ್ಗೆ ಮರ ಹತ್ತಿಸಿತ್ತು. ಬಿದ್ದ ಮೇಲೆ ಮೈ ಕೊಡವಿಕೊಂಡು ಎದ್ದು, ಮೊದಲೇ ಕೇಳಬೇಕಿದ್ದ ಪ್ರಶ್ನೆ ಕೇಳಿಕೊಂಡೆ: ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಮನೆಯಂಗಳದಲ್ಲಿ ವಸಾಬಿಯಾಗಲಿ, ಅದರಂಥದ್ದೇ ಘಾಟಿನ ಹಾರ್ಸ್‌ರ‍್ಯಾಡಿಶ್ ಆಗಲಿ ಬೆಳೆದೀತೆ? ನನ್ನೊಬ್ಬನಿಗೇ ಹುಟ್ಟಿದ ಪ್ರಶ್ನೆ ಇದಲ್ಲ. ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಸುಶಿ ತಿಂದು ಬಂದ ಮಕ್ಕಳು ಮನೆಯಲ್ಲಿ ಕೇಳುತ್ತಾರೆ. ನಗರದ ಹೊರವಲಯದ ವಸಂತನರಸಾಪುರದಲ್ಲಿ ಜಪಾನಿ ಕೈಗಾರಿಕೆಗಳಿಗೆಂದೇ ಟೌನ್‌ಶಿಪ್ ಆಗಲಿದೆ ಎಂಬ ಸುದ್ದಿ ವರ್ಷಗಳಿಂದ ಓಡಾಡುತ್ತಿದೆ. ತಾರಸಿ ತೋಟದ ವಿಡಿಯೊಗಳಂತೂ ಎಲ್ಲವನ್ನೂ ಎಲ್ಲೆಲ್ಲೂ ಬೆಳೆಸಿ ತೋರಿಸುತ್ತವೆ. ಹಾಗಾಗಿ ಪ್ರಶ್ನೆಯನ್ನು ಹವೆ, ನೀರು, ಬೀಜ, ಅಡುಗೆಮನೆ ಎಲ್ಲ ಕಡೆಯಿಂದಲೂ ಒಮ್ಮೆ ನೋಡಿಬಿಡೋಣ.

ತೊರೆಯ ಗಿಡ

ವಸಾಬಿ ಜಪಾನಿನ ಬೆಟ್ಟದ ತೊರೆಗಳ ಬದಿಯಲ್ಲಿ, ನೆರಳಲ್ಲಿ ಹುಟ್ಟಿದ ಗಿಡ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಯೂಟ್ರೀಮಾ ಜಪಾನಿಕಮ್. ತುರಿಯುವ ಭಾಗವನ್ನು ನಾವು ಬೇರು ಎನ್ನುತ್ತೇವಾದರೂ ಅದು ದಪ್ಪಗಾದ ಕಾಂಡ. ಶಿಜುವೊಕಾ ಪ್ರಾಂತ್ಯದ ಉತೊಗಿ ಎಂಬ ಹಳ್ಳಿಯಲ್ಲಿ ಸುಮಾರು 400 ವರ್ಷಗಳ ಹಿಂದೆ ಇದರ ಬೇಸಾಯ ಶುರುವಾಯಿತೆಂದು ಅಲ್ಲಿನವರು ಹೇಳಿಕೊಳ್ಳುತ್ತಾರೆ. ಆ ಪ್ರಾಂತ್ಯದ ವಸಾಬಿ ಬೇಸಾಯಕ್ರಮವನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2018ರಲ್ಲಿ ಜಾಗತಿಕ ಕೃಷಿ ಪರಂಪರೆಗಳ ಪಟ್ಟಿಗೆ ಸೇರಿಸಿತು.

ಆ ಕ್ರಮ ಹೀಗಿದೆ. ಬೆಟ್ಟದ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಅಡಿಗೆ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಮೇಲುಗಡೆ ಮರಳು ಹಾಸುತ್ತಾರೆ. ಚಿಲುಮೆಯ ನೀರು ಮರಳ ಮೇಲೆ ತೆಳ್ಳಗೆ ಹಗಲೂ ರಾತ್ರಿ ಹರಿಯುತ್ತಲೇ ಇರಬೇಕು. ನೀರು 12ರಿಂದ 15 ಡಿಗ್ರಿ ಸೆಲ್ಸಿಯಸ್, ಗಾಳಿ 8ರಿಂದ 20 ಡಿಗ್ರಿ ಇದ್ದರೆ ಗಿಡಕ್ಕೆ ಹಿತ. ಹೊಲದ ಮಣ್ಣಲ್ಲೂ ಬೆಳೆಯುವುದುಂಟು, ಆದರೆ ತಂಪಿನ ವಿಷಯದಲ್ಲಿ ರಿಯಾಯಿತಿಯಿಲ್ಲ. ಬಿಸಿ ಏರಿದರೆ ಎಲೆ ಜೋತುಬಿದ್ದು ಕಾಂಡ ಕೊಳೆಯುತ್ತದೆ. ನೆಟ್ಟು ಕೀಳುವುದಕ್ಕೆ ಒಂದೂವರೆಯಿಂದ ಎರಡು ವರ್ಷ ಬೇಕು. ಇನ್ನು ಬೀಜದ ಸಂಗತಿ. ವಸಾಬಿ ಬೀಜ ಒಣಗಿದರೆ ಸತ್ತಂತೆಯೇ. ಕಿತ್ತಾಗಿನಿಂದ ಬಿತ್ತುವವರೆಗೆ ಒದ್ದೆಯಾಗಿ, ತಣ್ಣಗೆ ಇಟ್ಟಿರಬೇಕು. ನನಗೆ ಬಂದದ್ದು ಗರಿಗರಿ ಒಣಗಿದ ಕಾಳು. ಮೋಸ ಪೊಟ್ಟಣ ಬಿಚ್ಚಿದ ಕೂಡಲೇ ಕಾಣಿಸಬೇಕಿತ್ತು. ವಸಾಬಿಯ ರುಚಿ ಬರುವ ಸೊಪ್ಪಿನ ಸಾಸಿವೆ ತಳಿಗಳಿವೆ, ‘ವಸಾಬಿನಾ’ ಎಂಬುದು ಅಂಥದ್ದೊಂದು. ಹೆಸರಿನ ತುದಿಯ ಒಂದಕ್ಷರ ಉದುರಿದರೆ ಸಾಸಿವೆ ವಸಾಬಿಯಾಗಿಬಿಡುತ್ತದೆ.

ಹೋಟೆಲಿನಲ್ಲಿ ತಟ್ಟೆಯ ಮೂಲೆಗೆ ಇಡುವ ಹಸಿರು ಮುದ್ದೆಯೂ ಬಹುಪಾಲು ವಸಾಬಿಯಲ್ಲ. ಹಾರ್ಸ್‌ರ‍್ಯಾಡಿಶ್ ಪುಡಿ, ಸಾಸಿವೆ, ಪಿಷ್ಟ, ಹಸಿರು ಬಣ್ಣ ಕಲಸಿದ ಪೇಸ್ಟ್ ಅದು. ಜಪಾನಿನಲ್ಲೂ ಅಗ್ಗದ ಊಟದಂಗಡಿಗಳಲ್ಲಿ ಇದೇ ಕಥೆ. ಅಂದರೆ ನಮ್ಮಲ್ಲಿ ‘ವಸಾಬಿ ತಿಂದೆ’ ಎನ್ನುವ ಹೆಚ್ಚಿನವರು ತಿಂದಿರುವುದು ಇನ್ನೊಂದು ಬೇರನ್ನು.

ಕುದುರೆಯಿಲ್ಲದ ಕುದುರೆ ಮೂಲಂಗಿ

ಆ ಇನ್ನೊಂದು ಬೇರೇ ಹಾರ್ಸ್‌ರ‍್ಯಾಡಿಶ್. ಆಗ್ನೇಯ ಯುರೋಪು ಮತ್ತು ಪಶ್ಚಿಮ ಏಷ್ಯಾ ಅದರ ತವರು. ಯಹೂದಿಗಳ ಪಾಸೋವರ್ ಹಬ್ಬದಲ್ಲಿ ಕಹಿ ಸೊಪ್ಪಿನ ಬದಲು ಇದನ್ನು ತುರಿದಿಡುವ ಪದ್ಧತಿ ಯುರೋಪಿನಲ್ಲಿ ಬೆಳೆಯಿತು. ಇಂಗ್ಲಿಷರಿಗೆ ಹುರಿದ ದನದ ಮಾಂಸದ ಜೊತೆ ಬೇಕೇ ಬೇಕು. ಹೆಸರಲ್ಲಿ ಕುದುರೆ ಇದೆ ನಿಜ. ಟಿಪ್ಪು ಕಾಲದಿಂದ ಕುದುರೆ ಫಾರಂ ಇರುವ ಕುಣಿಗಲ್ಲಿನವರು ಇದು ಕುದುರೆಯ ಮೇವು ಅಂದುಕೊಂಡರೆ ತಪ್ಪೇನಿಲ್ಲ, ಏಕೆಂದರೆ ಇಂಗ್ಲಿಷರು ‘ಕುದುರೆ ಕಾಳು’ ಎಂದು ಕರೆದ ನಮ್ಮ ಹುರುಳಿಯನ್ನು ನಿಜಕ್ಕೂ ಕುದುರೆ ತಿನ್ನುತ್ತದೆ. ಮೂಲಂಗಿಯ ಹಿಂದೆ ಬಂದ ಕುದುರೆಗೆ ಮಾತ್ರ ‘ಒರಟು, ಗಡಸು’ ಎಂದಷ್ಟೇ ಅರ್ಥ. ನಾವು ಇಂಥ ಕಡೆ ನಾಯಿಯನ್ನು ಕರೆಯುತ್ತೇವೆ: ನಾಯಿ ತುಳಸಿ, ನಾಯಿ ಸಾಸಿವೆ.

ಗಿಡ ವಸಾಬಿಯಷ್ಟು ನಾಜೂಕಿನದಲ್ಲ. ಪೆನ್ಸಿಲ್ ದಪ್ಪದ, ಗೇಣುದ್ದದ ಬೇರಿನ ತುಂಡನ್ನು ಓರೆಯಾಗಿ ಹುಗಿದರೆ ಚಿಗುರುತ್ತದೆ. ಮೇಲೆ ಯಾವುದು ಕೆಳಗೆ ಯಾವುದು ತಿಳಿಯಲೆಂದು ಮೇಲ್ತುದಿಯನ್ನು ನೇರವಾಗಿ, ಕೆಳತುದಿಯನ್ನು ಓರೆಯಾಗಿ ಕತ್ತರಿಸುವುದು ಅಲ್ಲಿನ ತೋಟಗಾರರ ರೂಢಿ. ತಂಪು ದೇಶಗಳಲ್ಲಿ ಒಮ್ಮೆ ನೆಟ್ಟ ಮೇಲೆ ತೊಲಗಿಸುವುದೇ ಕಷ್ಟ. ಆದರೆ ಅದರ ಬಾಳು ನಡೆಯುವುದು ಹಿಮದ ಲೆಕ್ಕದಲ್ಲಿ. ಎಲೆಯೆಲ್ಲ ಸತ್ತು, ಗಿಡ ಮಲಗಿ, ಸತ್ವ ಬೇರಿಗಿಳಿಯುವ ನಿಜವಾದ ಚಳಿಗಾಲ ಬೇಕು. ನಮ್ಮ ಸೀಮೆಯಲ್ಲಿ ಗಿಡಕ್ಕೆ ಮಲಗುವ ಹೊತ್ತೇ ಸಿಗುವುದಿಲ್ಲ. ಎಲೆ ಬಂದೀತು, ಬೇರು ದಪ್ಪವಾಗಲಾರದು.

ಮೂರು ಊರು, ಮೂರು ಆಸೆ

ತುಮಕೂರು ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿದೆ. ಬೇಸಗೆಯಲ್ಲಿ 35 ಡಿಗ್ರಿ ದಾಟುತ್ತದೆ, ಮಾಗಿಯ ಬೆಳಗಿನಲ್ಲೂ 15ರ ಆಸುಪಾಸಿಗೆ ನಿಲ್ಲುತ್ತದೆ. ಲೆಕ್ಕ ಇಲ್ಲಿಗೇ ಮುಗಿಯಬೇಕು, ಆದರೆ ಗಿಡದ ಹುಚ್ಚು ಹಿಡಿದವರಿಗೆ ಮೂರು ಆಸೆಗಳು ಉಳಿದಿರುತ್ತವೆ.

ಮೊದಲನೆಯದು ದೇವರಾಯನದುರ್ಗ. ಬೆಟ್ಟವಿದೆ, ಕಾಡಿದೆ, ತಪ್ಪಲಲ್ಲಿ ನಾಮದ ಚಿಲುಮೆಯಿದೆ. ಹಣೆಗೆ ನಾಮ ತೇಯಲು ನೀರಿಲ್ಲದೆ ರಾಮ ಬಾಣ ಬಿಟ್ಟು ಬಂಡೆಯಿಂದ ನೀರು ತರಿಸಿದ ಎಂಬ ಕಥೆಯ ಚಿಲುಮೆ ಅದು. ವರ್ಷವಿಡೀ ಜಿನುಗುತ್ತದೆ. ಆದರೆ ನೆಲದೊಳಗಿನ ನೀರಿನ ಬಿಸಿ ಸಾಮಾನ್ಯವಾಗಿ ಆ ಊರಿನ ಇಡೀ ವರ್ಷದ ಸರಾಸರಿ ಹವೆಯನ್ನೇ ಹೋಲುತ್ತದೆ. ಜಪಾನಿನ ಬೆಟ್ಟದಲ್ಲಿ ಆ ಸರಾಸರಿ ಹನ್ನೆರಡೋ ಹದಿಮೂರೋ ಇರುವುದರಿಂದಲೇ ಚಿಲುಮೆ ಅಷ್ಟು ತಣ್ಣಗಿದೆ. ನಮ್ಮಲ್ಲಿ ಅದು 24ರ ಹತ್ತಿರ. ಕೈಯಿಟ್ಟರೆ ನಮಗೆ ತಂಪು, ವಸಾಬಿಗೆ ಸೆಕೆ. ಬೆಟ್ಟದ ತುದಿ ಏರಿದರೂ ಅದು 1,200 ಮೀಟರ್. ಸಾವಿರ ಮೀಟರ್‌ಗೆ ಆರೂವರೆ ಡಿಗ್ರಿಯ ಲೆಕ್ಕದಲ್ಲಿ ಊರಿಗಿಂತ ಎರಡೂವರೆ ಡಿಗ್ರಿ ತಗ್ಗುತ್ತದೆ, ಅಷ್ಟೆ.

ಎರಡನೆಯದು ಗುಬ್ಬಿಯ ಅಡಿಕೆ ತೋಟದ ನೆರಳು. ನಡು ಮಧ್ಯಾಹ್ನ ರಸ್ತೆಯಿಂದ ತೋಟಕ್ಕಿಳಿದವರಿಗೆ ಬೇರೆ ಊರಿಗೇ ಬಂದಂತಾಗುತ್ತದೆ. ವೀಳ್ಯದೆಲೆ, ಮೆಣಸು, ಬಾಳೆ ಬದುಕುವುದು ಆ ತಂಪಿನಲ್ಲೇ. ಆದರೆ ಅಡಿಕೆ ಸೋಗೆ ಬಿಸಿಲನ್ನು ತಡೆಯುತ್ತದೆ, ಏಪ್ರಿಲ್ ರಾತ್ರಿಯ ಬೆಚ್ಚನೆ ಗಾಳಿಯನ್ನು ತಡೆಯುವುದಿಲ್ಲ. ಇದೇ ಅಡಿಕೆ ನೆರಳನ್ನು ನಂಬಿ ಕರ್ನಾಟಕದ ಬೆಳೆಗಾರರು ಇಪ್ಪತ್ತು ವರ್ಷದ ಹಿಂದೆ ವೆನಿಲ್ಲಾ ಬಳ್ಳಿ ಹಬ್ಬಿಸಿದ್ದರು. ಅದಕ್ಕೆ ಹವೆಯಾದರೂ ಒಗ್ಗಿತ್ತು, ಬೆಲೆ ಬಿದ್ದು ಕೈಸುಟ್ಟಿತು. ವಸಾಬಿಯಲ್ಲಿ ಹವೆಯೇ ಒಗ್ಗುವುದಿಲ್ಲ.

ಮೂರನೆಯದು ನೀರು. ಕುಣಿಗಲ್ಲಿಗೆ ಹಾಡಾಗಿ ನಾಡಿಗೆಲ್ಲ ಹಬ್ಬಿದ ದೊಡ್ಡ ಕೆರೆಯಿದೆ, ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯವಿದೆ. ಎರಡೂ ನಿಂತ ನೀರು, ಬಿಸಿಲಲ್ಲಿ ಕಾಯುವ ನೀರು. ಹರಿಯುವ ನೀರೆಂದರೆ ಹೇಮಾವತಿ ಕಾಲುವೆಯದು. ಅದರ ಲಿಂಕ್ ಕಾಲುವೆ ಕುಣಿಗಲ್ ಕಡೆಗೆ ತಿರುಗಬೇಕೋ ಬೇಡವೋ ಎಂದು ಗುಬ್ಬಿ, ತುಮಕೂರಿನವರು ಬೀದಿಗಿಳಿದದ್ದು ಹಳೆಯ ಮಾತೇನಲ್ಲ. ಮಳೆ ವರ್ಷಕ್ಕೆ 600–700 ಮಿಲಿಮೀಟರ್ ಬೀಳುವ ಜಿಲ್ಲೆಯಲ್ಲಿ ಒಂದು ಬೇರಿಗಾಗಿ ಹಗಲೂ ರಾತ್ರಿ ನೀರು ಹರಿಸುತ್ತೇನೆಂದರೆ ಕೇಳಿದವರು ನಕ್ಕಾರು, ಇಲ್ಲವೇ ಬೈದಾರು.

ಕೋಣೆಯೊಳಗೆ ಎ.ಸಿ. ಹಾಕಿ ಬೆಳೆಯಬಹುದಲ್ಲ? ಬೆಳೆಯಬಹುದು, ತಡೆಯುವವರು ಯಾರೂ ಇಲ್ಲ. ಗಂಟೆಗೆ ಒಂದು ಯೂನಿಟ್ ಎಳೆಯುವ ಯಂತ್ರ ದಿನಕ್ಕೆ ಹನ್ನೆರಡು ಗಂಟೆ ಓಡಿದರೆ, ಹದಿನೆಂಟು ತಿಂಗಳಿಗೆ ಸುಮಾರು 6,500 ಯೂನಿಟ್. ಯೂನಿಟ್‌ಗೆ ಆರು ರೂಪಾಯಿ ಹಿಡಿದರೂ 39,000 ರೂಪಾಯಿ. ಮನೆಯ ಎ.ಸಿ. 16ಕ್ಕಿಂತ ಕೆಳಗಿಳಿಯುವುದಿಲ್ಲ, ದೀಪ, ಪಂಪು, ನೀರು ತಣಿಸುವ ಖರ್ಚು ಬೇರೆ. ಕೊನೆಗೆ ಸಿಗುವುದು ಕೈಬೆರಳೆಣಿಕೆಯ ಗಡ್ಡೆ. ತುರಿದ ಮೇಲೆ ಕಾಲು ಗಂಟೆಯಲ್ಲಿ ಅದರ ಜೋರೂ ಇಳಿದುಹೋಗುತ್ತದೆ.

ಘಾಟು ಎಲ್ಲಿ ಹುಟ್ಟುತ್ತದೆ

ಗಿಡದ ಬಾಗಿಲು ಮುಚ್ಚಿತು. ಆದರೆ ನಮಗೆ ಬೇಕಾಗಿದ್ದದ್ದು ಗಿಡವೋ, ಅದರ ಘಾಟೋ? ಮೆಣಸಿನಕಾಯಿಯ ಖಾರ ನಾಲಿಗೆ ಮೇಲೆ ಕೂತು ಬಹಳ ಹೊತ್ತು ಉರಿಸುತ್ತದೆ. ವಸಾಬಿಯದು ಮೂಗಿಗೆ ಹೊಡೆದು, ನೆತ್ತಿಗೇರಿ, ಕಣ್ಣಲ್ಲಿ ನೀರು ತರಿಸಿ, ಅರೆನಿಮಿಷದಲ್ಲಿ ಇಳಿದುಹೋಗುವ ಜಾತಿ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಹಾರಿಹೋಗುವುದಿಲ್ಲ, ಈ ಘಾಟು ಆವಿಯಾಗಿ ಹಾರುತ್ತದೆ. ನರದ ತುದಿಯಲ್ಲಿ ಇವೆರಡನ್ನೂ ಹಿಡಿಯುವ ಗ್ರಾಹಕಗಳೇ ಬೇರೆ ಬೇರೆ. ಮೆಣಸಿನಕಾಯಿಯ ಗ್ರಾಹಕವನ್ನು ಪತ್ತೆಹಚ್ಚಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್ ಬಂತು. ವಸಾಬಿ ಘಾಟಿನ ಗ್ರಾಹಕದ ಹೆಸರು ಟಿಆರ್‌ಪಿಎ1. ಈ ಘಾಟಿನ ಹೊಡೆತ ಎಷ್ಟೆಂದರೆ, ಕಿವಿ ಕೇಳದವರನ್ನೂ ಬೆಂಕಿ ಬಿದ್ದಾಗ ನಿದ್ದೆಯಿಂದ ಎಬ್ಬಿಸಲು ಜಪಾನಿನ ಸಂಶೋಧಕರು ವಸಾಬಿ ವಾಸನೆ ಚಿಮ್ಮುವ ಎಚ್ಚರಿಕೆ ಯಂತ್ರ ಮಾಡಿ, 2011ರಲ್ಲಿ ಇಗ್ ನೊಬೆಲ್ ಎಂಬ ನಗೆಯ ಪ್ರಶಸ್ತಿ ಪಡೆದರು.

ಈ ಘಾಟು ಗಿಡದೊಳಗೆ ಸಿದ್ಧವಾಗಿ ಕೂತಿರುವುದಿಲ್ಲ. ಸಿನಿಗ್ರಿನ್ ಎಂಬ ಘಾಟಿಲ್ಲದ ವಸ್ತು ಒಂದು ಕಡೆ, ಮೈರೊಸಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ, ನಡುವೆ ಗೋಡೆ. ಹುಳ ಕಚ್ಚಿದಾಗ, ನಾವು ಜಗಿದಾಗ, ಅರೆದಾಗ ಗೋಡೆ ಒಡೆದು, ನೀರಿನ ನೆರವಿನಿಂದ ಎರಡೂ ಕೂಡಿ ಅಲೈಲ್ ಐಸೊಥಯೊಸಯನೇಟ್ ಹುಟ್ಟುತ್ತದೆ. ವಸಾಬಿಯಲ್ಲೂ ಹಾರ್ಸ್‌ರ‍್ಯಾಡಿಶ್‌ನಲ್ಲೂ ನಮ್ಮ ಸಾಸಿವೆಯಲ್ಲೂ ಮುಖ್ಯವಾಗಿ ಹುಟ್ಟುವುದು ಇದೇ. ವಸಾಬಿಯಲ್ಲಿ ಹಸಿರು ಸೊಪ್ಪಿನ ಕಂಪು ಕೊಡುವ ಇನ್ನೊಂದೆರಡು ಸೋದರ ವಸ್ತುಗಳು ಸೇರಿರುತ್ತವೆ, ನಾಜೂಕಿನ ವ್ಯತ್ಯಾಸ ಅಷ್ಟೇ.

ನಂಬಿಕೆ ಬಾರದಿದ್ದರೆ ಮನೆಯಲ್ಲೇ ನೋಡಬಹುದು. ಎರಡು ಚಮಚ ಹಸಿ ಸಾಸಿವೆಯನ್ನು ಮಿಕ್ಸಿಯಲ್ಲಿ ಒಣದಾಗಿ ಪುಡಿ ಮಾಡಿ. ಮೂಸಿದರೆ ಹೇಳಿಕೊಳ್ಳುವಂಥದ್ದೇನೂ ಇರುವುದಿಲ್ಲ. ಅರ್ಧ ಪುಡಿಗೆ ತಣ್ಣೀರು, ಇನ್ನರ್ಧಕ್ಕೆ ಕುದಿನೀರು ಹಾಕಿ ಕಲಸಿ, ಮುಚ್ಚಳ ಮುಚ್ಚಿ ಹತ್ತು ನಿಮಿಷ ಬಿಡಿ. ತಣ್ಣೀರಿನ ಬಟ್ಟಲ ಮುಚ್ಚಳ ತೆಗೆದ ಕೂಡಲೇ ತಲೆ ತಾನಾಗಿ ಹಿಂದಕ್ಕೆ ಹೋಗುತ್ತದೆ. ಕುದಿನೀರಿನದು ಕಹಿಯಾಗಿ, ಸಪ್ಪೆಯಾಗಿ ಕೂತಿರುತ್ತದೆ, ಏಕೆಂದರೆ ಬಿಸಿಗೆ ಕಿಣ್ವ ಸತ್ತಿದೆ. ಒಗ್ಗರಣೆಯಲ್ಲಿ ಸಿಡಿದ ಸಾಸಿವೆ ಮೂಗಿಗೆ ಹತ್ತದಿರುವುದೂ, ಅದೇ ಸಾಸಿವೆಯ ಹಸಿಪುಡಿ ಮಾವಿನಕಾಯಿ ಉಪ್ಪಿನಕಾಯಿಯಲ್ಲಿ ನೆತ್ತಿಗೇರುವುದೂ ಇದರಿಂದಲೇ. ಹುಳಿ ಸೇರಿದರೆ ಕಿಣ್ವ ನಿಧಾನವಾಗುತ್ತದೆ. ಹಾಗಾಗಿ ಮೊದಲು ನೀರಲ್ಲಿ ನೆನೆಸಿ, ಘಾಟು ಎದ್ದ ಮೇಲೆ ಹುಳಿಯೋ ಮೊಸರೋ ಹಾಕಿದರೆ ಜೋರು ಹೆಚ್ಚು.

ಹಿತ್ತಲ ನೆಂಟರು

ಸಾಸಿವೆ, ಮೂಲಂಗಿ, ಕೋಸು, ವಸಾಬಿ, ಹಾರ್ಸ್‌ರ‍್ಯಾಡಿಶ್ ಒಂದೇ ಕುಟುಂಬದವು. ಆ ಕುಟುಂಬ ಸೇರುವ ದೊಡ್ಡ ಗಣದಲ್ಲಿ ನುಗ್ಗೆ, ಪಪ್ಪಾಯಿ, ನಾಯಿ ಸಾಸಿವೆಗಳೂ ಇವೆ. ಹೂವು ನೋಡಿದರೆ ನೆಂಟಸ್ತನ ಕಾಣುವುದಿಲ್ಲ, ಅರೆದು ಮೂಸಿದರೆ ಕಾಣುತ್ತದೆ.

ಮೂಲಂಗಿ ಎಲ್ಲಕ್ಕಿಂತ ಸುಲಭ. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ (ಐಐಎಚ್‌ಆರ್) ಅರ್ಕಾ ನಿಶಾಂತ್‌ನಂಥ ತಳಿ 50–55 ದಿನಕ್ಕೆ ಕೀಳಲು ಬರುತ್ತದೆ. ಬಿಸಿಲು ಹೆಚ್ಚಿ ನೀರು ಕಡಿಮೆಯಾದರೆ ಘಾಟು ಏರುತ್ತದೆ. ತುಮಕೂರಿನ ಹವೆ ವಸಾಬಿಗೆ ಕೊಡುವ ಶಿಕ್ಷೆಯೇ ಮೂಲಂಗಿಗೆ ಮಸಾಲೆ ಎಂದಾಯಿತು. ಸಿಪ್ಪೆಯಲ್ಲಿ ಜೋರು ಹೆಚ್ಚಿರುವುದರಿಂದ ಹೆರೆಯದೆ ತುರಿಯಬೇಕು. ಪಪ್ಪಾಯಿ ಕೊಯ್ದು ನಾವು ಬಿಸಾಡುವ ಕಪ್ಪು ಬೀಜ ಒಂದನ್ನು ಕಚ್ಚಿ ನೋಡಿ, ಅಲ್ಲೂ ಇದೇ ಘಾಟಿನ ಇನ್ನೊಂದು ರೂಪವಿದೆ. ಒಂದೆರಡು ಬೀಜ ಸಾಕು, ಬಸುರಿಯರಿಗೆ ಅದೂ ಬೇಡ. ಹೊಲದ ಬದುವಿನಲ್ಲಿ ಹಳದಿ ಹೂ ಬಿಡುವ ನಾಯಿ ಸಾಸಿವೆಯ ಬೀಜವನ್ನೂ ಸಾಸಿವೆಯ ಬದಲು ಬಳಸುವ ರೂಢಿ ಕೆಲವು ಕಡೆ ಇದೆ.

ನುಗ್ಗೆಯ ಕಥೆ ದೊಡ್ಡದು. ಭಾರತಕ್ಕೆ ಬಂದ ಇಂಗ್ಲಿಷರಿಗೆ ಹಾರ್ಸ್‌ರ‍್ಯಾಡಿಶ್ ಸಿಗದೆ ನಾಲಿಗೆ ಕೆಟ್ಟಿತ್ತು. ನುಗ್ಗೆಯ ಬೇರು ಹೆರೆದು ನೋಡಿದರು, ತಮ್ಮೂರಿನ ಘಾಟೇ ಬಂತು. ಮರಕ್ಕೆ ‘ಹಾರ್ಸ್‌ರ‍್ಯಾಡಿಶ್ ಟ್ರೀ’ ಎಂದೇ ಹೆಸರಿಟ್ಟರು. ಆಂಗ್ಲೋ-ಇಂಡಿಯನ್ ಮಾತುಗಳ ನಿಘಂಟು ‘ಹಾಬ್ಸನ್-ಜಾಬ್ಸನ್’ 1886ರಲ್ಲಿ ಅಚ್ಚಾದಾಗ ಆ ಹೆಸರಿಗೆ ಅದರಲ್ಲಿ ಜಾಗವೂ ಸಿಕ್ಕಿತು. ಅವರಿಗಿಂತ ಎಷ್ಟೋ ಶತಮಾನ ಮೊದಲು ಅಮರಕೋಶ ನುಗ್ಗೆಗೆ ಕೊಟ್ಟ ಹೆಸರುಗಳಲ್ಲಿ ‘ತೀಕ್ಷ್ಣಗಂಧಕ’ ಎಂಬುದೂ ಒಂದು. ಅಂದರೆ ಈ ಸೀಮೆಯಲ್ಲಿ ಹಾರ್ಸ್‌ರ‍್ಯಾಡಿಶ್ ಹುಡುಕುವವರಿಗೆ ಉತ್ತರ ಇನ್ನೂರು ವರ್ಷ ಹಿಂದೆಯೇ ಸಿಕ್ಕಿದೆ, ಅದೂ ಸಾರಿಗೆ ಕಾಯಿ ಕೀಳುವ ಮರದ ಬುಡದಲ್ಲಿ.

ಹಾಗೆಂದು ಗುದ್ದಲಿ ಹಿಡಿದು ಹೊರಡಬಾರದು. ನುಗ್ಗೆ ಬೇರಿನ ತೊಗಟೆಯಲ್ಲಿ ನರಗಳ ಮೇಲೆ ಪರಿಣಾಮ ಮಾಡುವ ಆಲ್ಕಲಾಯ್ಡ್‌ಗಳಿವೆ. ಹಳೆಯ ಕಾಲದಲ್ಲಿ ಗರ್ಭ ಇಳಿಸಲು ಅದನ್ನು ಬಳಸುತ್ತಿದ್ದದ್ದೂ ಉಂಟು. ಬಸುರಿಯರು, ಮಕ್ಕಳು ಅದರ ತಂಟೆಗೇ ಹೋಗಬಾರದು. ಉಳಿದವರಿಗೂ ದಿನದ ಅಡುಗೆಯ ಪದಾರ್ಥ ಅದಲ್ಲ. ಹಿತ್ತಲಲ್ಲಿ ತಾನಾಗಿ ಎದ್ದ ಸಸಿಯೊಂದನ್ನು ಹೇಗೂ ಕಿತ್ತು ಎಸೆಯುವಾಗ, ಮೂಲಂಗಿಯಂತೆ ಉಬ್ಬಿದ ಅದರ ತಾಯಿಬೇರನ್ನು ಮುರಿದು ಮೂಸಿದೆ. ಮೂಗು ಹೌದೆಂದಿತು, ನಾಲಿಗೆಗೆ ಕೆಲಸ ಕೊಡಲಿಲ್ಲ.

ಏನು ಬೆಳೆಯಬೇಕು

ಹಾಗಾದರೆ ನನ್ನ ತೀರ್ಮಾನ ಇಷ್ಟು. ವಸಾಬಿಯ ಆಸೆ ಬಿಡುವುದು. ಹಾರ್ಸ್‌ರ‍್ಯಾಡಿಶ್ ಬೇರಿನ ತುಂಡು ಯಾರಾದರೂ ತಂದುಕೊಟ್ಟರೆ ಮಳೆಗಾಲ ಕಳೆಯುತ್ತಲೇ ಆಳವಾದ ಚೀಲದಲ್ಲಿ, ಅರೆನೆರಳಲ್ಲಿ ನೆಡಬಹುದು. ಎಳೆ ಎಲೆಯ ಘಾಟನ್ನು ಚಟ್ನಿಗೆ ಬಳಸಿ, ಬೇರಿನ ಮೇಲೆ ಆಸೆ ಇಡದಿದ್ದರೆ ನಷ್ಟವಿಲ್ಲ. ಉಳಿದವರು ಸಾಸಿವೆ ಹಾಕುವುದು. ತಟ್ಟೆಯಲ್ಲಿ ತೆಂಗಿನ ನಾರು ಹರಡಿ ಮಂಡಿಪೇಟೆಯ ದಿನಸಿ ಅಂಗಡಿಯ ಸಾಸಿವೆ ಉದುರಿಸಿ ನೀರು ಚಿಮುಕಿಸಿದರೆ ವಾರದಿಂದ ಹತ್ತು ದಿನದಲ್ಲಿ ಮೂಗಿಗೆ ಹತ್ತುವ ಎಳೆಸೊಪ್ಪು ಸಿದ್ಧ. ಕುಂಡದಲ್ಲಾದರೆ ತಿಂಗಳಿಗೆ ಸೊಪ್ಪು, ಮೂರು ತಿಂಗಳು ದಾಟಿದರೆ ಕಾಳು.

ಕಷ್ಟ ಇರುವುದು ಬೆಳೆಯುವುದರಲ್ಲಲ್ಲ. ಸಾಸಿವೆ ನಮ್ಮ ಅಡುಗೆಮನೆಯಲ್ಲಿ ದಿನಕ್ಕೆರಡು ಬಾರಿ ಎಣ್ಣೆಯಲ್ಲಿ ಸಿಡಿಯುತ್ತದೆ, ಹಸಿಯಾಗಿ ಅರೆಯುವ ಕೈ ಕಡಿಮೆಯಾಗಿದೆ. ಮಲೆನಾಡಿನಲ್ಲಿ ಹಸಿ ಸಾಸಿವೆ, ಕಾಯಿ ಅರೆದು ಮೊಸರು ಬೆರೆಸಿದ ಪದಾರ್ಥಕ್ಕೇ ‘ಸಾಸಿವೆ’ ಎಂದು ಹೆಸರಿದೆ. ನಮ್ಮ ಕಡೆ ಆ ಘಾಟು ಉಪ್ಪಿನಕಾಯಿ ಭರಣಿಗೂ ಮೊಸರುಬಜ್ಜಿಗೂ ಸರಿದು ಕೂತಿದೆ. ಉಪ್ಪಿನಕಾಯಿಯನ್ನೂ ಅಂಗಡಿಯಿಂದ ತಂದರೆ ಅದೂ ಮರೆತು, ಅದೇ ರುಚಿಯನ್ನು ಹಸಿರು ಬಣ್ಣ ಹಚ್ಚಿದ ಟ್ಯೂಬಿನಲ್ಲಿ ಕೊಳ್ಳುವ ಕಾಲ ಬರುತ್ತದೆ.

ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಒಂದು ರೈತ ಕುಟುಂಬದ ತೋಟದಲ್ಲಿ ಕೆಂಪು ತೊಳೆಯ ಹಲಸಿನ ಮರವೊಂದು ವರ್ಷಗಳಿಂದ ಹಣ್ಣು ಬಿಡುತ್ತಿತ್ತು. ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದವರು ಅದನ್ನು ಪರೀಕ್ಷಿಸಿ, ಕಸಿ ಮಾಡಿ, ‘ಸಿದ್ದು’ ಎಂಬ ತಳಿಯಾಗಿ ಹೊರತಂದ ಮೇಲೆ ಸಸಿಗೆ ಜನ ಮುಗಿಬಿದ್ದರು. ಮರ ಬದಲಾಗಿರಲಿಲ್ಲ, ನೋಡುವವರು ಬಂದಿದ್ದರು. ಅಕ್ಕಡಿ ಸಾಲಿನ ಸಾಸಿವೆಗೂ ಅಂಥದ್ದೊಂದು ನೋಟ ಬೇಕು. ಯಾವ ಹೊಲದ ಕಾಳಿಗೆ ಘಾಟು ಹೆಚ್ಚು, ಯಾವುದರ ಸೊಪ್ಪು ಹಸಿಯಾಗಿ ತಿನ್ನಲು ಚೆನ್ನ ಎಂದು ಮೂಸಿ ವಿಂಗಡಿಸುವ ಕೆಲಸ ಮನೆಮನೆಯಲ್ಲೂ ಆಗಬಲ್ಲದು.

ಸಂಕ್ರಾಂತಿಯ ಹೊತ್ತಿಗೆ ನನ್ನ ಕುಂಡದ ಗಿಡಗಳು ಒಣಗಿ ಕೋಡು ಬಿರಿದವು. ಬಟ್ಟೆಯ ಮೇಲೆ ಬಡಿದು ಕೇರಿದರೆ ಒಂದು ಹಿಡಿ ಕಾಳು. ಕೆಳಗಿನ ಮನೆಯ ಅಜ್ಜಿ ಅದನ್ನು ಒರಳಲ್ಲಿ ತಣ್ಣೀರು ಹಾಕಿ ಅರೆದು, ಒಂದು ಗಳಿಗೆ ತಟ್ಟೆ ಮುಚ್ಚಿಟ್ಟು, ಆಮೇಲೆ ಸೌತೆಕಾಯಿ ಮೊಸರಿಗೆ ಕಲಸಿದರು. ಮೊದಲ ತುತ್ತಿಗೇ ಮೂಗು ಉರಿದು ನನ್ನ ಕಣ್ಣಲ್ಲಿ ನೀರು ಬಂತು. ‘ಏನಪ್ಪಾ, ಹೆಂಗೈತೆ ನಿನ್ ಜಪಾನು?’ ಅಂದರು ಅಜ್ಜಿ. ಬಾಯಿ ತೆರೆದು ಉತ್ತರ ಹೇಳಲು ಅರೆನಿಮಿಷ ಬೇಕಾಯಿತು.